ಒಂದು ಎಂಜಿನ್ ಸಿಡಿಯಿತು, ಇನ್ನೊಂದು ನಿಲ್ಲಲೇ ಇಲ್ಲ

2010ರ ನವೆಂಬರ್ 4. ಸಿಂಗಪುರದ ಚಾಂಗಿಯಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನ ಇಂಡೊನೇಷ್ಯಾದ ಬಟಾಮ್ ದ್ವೀಪದ ಮೇಲೆ ಏರುತ್ತಿದ್ದಾಗ ಎಡ ರೆಕ್ಕೆಯ ಒಳಬದಿಯ ಎಂಜಿನ್ ಸಿಡಿಯಿತು. ಲೋಹದ ತುಂಡುಗಳು ರೆಕ್ಕೆಯನ್ನು ತೂರಿಕೊಂಡು ಹೋದವು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಮತ್ತು ಅವರ ತಂಡ ವಿಮಾನವನ್ನು ಚಾಂಗಿಗೇ ಮರಳಿಸಿ ಇಳಿಸಿತು. ಒಳಗಿದ್ದ 469 ಮಂದಿಯಲ್ಲಿ ಒಬ್ಬರಿಗೂ ಪೆಟ್ಟಾಗಲಿಲ್ಲ.

ಇಳಿದ ಮೇಲೆ ಇನ್ನೊಂದು ಕಷ್ಟ ಎದುರಾಯಿತು. ಅದೇ ರೆಕ್ಕೆಯ ಹೊರಬದಿಯ ಎಂಜಿನ್ ನಿಲ್ಲಲೊಲ್ಲದು. ಕಾಕ್‌ಪಿಟ್‌ನಿಂದ ಇಂಧನ ಕಡಿದುಹಾಕುವ ಪ್ರಯತ್ನಗಳೆಲ್ಲ ವಿಫಲವಾದವು, ಏಕೆಂದರೆ ಆ ಸಂದೇಶ ಒಯ್ಯುವ ತಂತಿಗಳನ್ನು ಸಿಡಿದ ತುಂಡುಗಳು ಕತ್ತರಿಸಿದ್ದವು. ಅಗ್ನಿಶಾಮಕ ಸಿಬ್ಬಂದಿ ಎಂಜಿನ್ನಿನ ಬಾಯಿಗೆ ನೇರವಾಗಿ ನೊರೆ ಸುರಿದರು. ಸುಮಾರು ಮೂರು ಗಂಟೆಯ ನಂತರ ಅದು ನಿಂತಿತು.

ಇದನ್ನು ನಿಯಂತ್ರಣದ ಸೋಲು ಎಂದು ನಾನು ಕರೆಯಲಾರೆ. ಅದು ಇರುವುದೇ ಹಾಗೆ. ಪೈಲಟ್ ಲಿವರ್ ತಳ್ಳಿದಾಗ ಇಂಧನದ ಕವಾಟ ನೇರವಾಗಿ ತೆರೆದುಕೊಳ್ಳುವುದಿಲ್ಲ. ಲಿವರ್ ಎಷ್ಟು ಕೋನ ತಿರುಗಿದೆ ಎಂಬ ಸಂಕೇತವಷ್ಟೇ ಎಂಜಿನ್ನಿನ ಹೊರಕವಚದ ಮೇಲಿರುವ ಕಂಪ್ಯೂಟರ್ ಪೆಟ್ಟಿಗೆಗೆ ತಲುಪುತ್ತದೆ. ಗಾಳಿಯ ಒತ್ತಡ, ಉಷ್ಣತೆ, ಶಾಫ್ಟ್‌ಗಳ ವೇಗ ಎಲ್ಲವನ್ನೂ ನೋಡಿಕೊಂಡು ಎಷ್ಟು ಇಂಧನ ಬಿಡಬೇಕೆಂದು ನಿರ್ಧರಿಸುವುದು ಆ ಪೆಟ್ಟಿಗೆಯೇ. ಕಂಪ್ರೆಸರ್‌ನೊಳಗೆ ಗಾಳಿ ಹಿಮ್ಮೊಗವಾಗಿ ನುಗ್ಗದಂತೆ ಅಲಗುಗಳನ್ನು ಓರೆ ಮಾಡುವುದೂ ಹೆಚ್ಚಾದ ಗಾಳಿಯನ್ನು ಹೊರಬಿಡುವುದೂ ಅದರದೇ ಕೆಲಸ. ಪೆಟ್ಟಿಗೆಯೊಳಗೆ ಒಂದೇ ಕೆಲಸಕ್ಕೆ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಒಂದು ಕೆಟ್ಟರೆ ಇನ್ನೊಂದು ಹೊಣೆ ಹೊರುತ್ತದೆ. ವಿದ್ಯುತ್ತಿಗೂ ಅದು ವಿಮಾನವನ್ನು ನಂಬಿಲ್ಲ, ಎಂಜಿನ್ ತಿರುಗುತ್ತಿರುವಾಗ ತನ್ನದೇ ಆಲ್ಟರ್ನೇಟರ್‌ನಿಂದ ಪಡೆಯುತ್ತದೆ. ತಂತಿ ಹರಿದ ಮಾತ್ರಕ್ಕೆ ಆಕಾಶದಲ್ಲಿ ಎಂಜಿನ್ ಆರಿಹೋಗಬಾರದು ಎಂಬುದೇ ಇಡೀ ಏರ್ಪಾಟಿನ ತಿರುಳು. ಇಂಥ ಪೂರ್ಣ ಡಿಜಿಟಲ್ ನಿಯಂತ್ರಣ ಪ್ರಯಾಣಿಕ ವಿಮಾನಗಳಿಗೆ ಬಂದದ್ದು 1984ರಲ್ಲಿ, ಬೋಯಿಂಗ್ 757ಕ್ಕೆ ಅಳವಡಿಸಿದ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನಿನೊಂದಿಗೆ.

ಆ ಎ380ಕ್ಕಿದ್ದದ್ದು ರೋಲ್ಸ್‌ರಾಯ್ಸ್‌ನ ಟ್ರೆಂಟ್ 900. ಮುಂದಿನ ಫ್ಯಾನ್‌ನ ವ್ಯಾಸ ಸುಮಾರು 2.95 ಮೀಟರ್, ಅದರ 24 ಅಲಗುಗಳು ಒಳಗೆ ಟೊಳ್ಳಾದ ಟೈಟಾನಿಯಮ್‌ನವು. ಫ್ಯಾನ್ ಎಳೆದುಕೊಳ್ಳುವ ಗಾಳಿಯ ಬಹುಪಾಲು ಬೆಂಕಿಯನ್ನು ಮುಟ್ಟದೆ ಸುತ್ತ ಬಳಸಿ ಹಿಂದಕ್ಕೆ ಹೋಗುತ್ತದೆ, ನೂಕುಬಲದ ಹೆಚ್ಚಿನ ಅಂಶ ಅದರಿಂದಲೇ. ಉಳಿದ ಗಾಳಿ ಕಂಪ್ರೆಸರ್‌ಗಳಲ್ಲಿ ಹಿಂಡಿಸಿಕೊಂಡು, ಇಂಧನದೊಡನೆ ಉರಿದು, ಟರ್ಬೈನ್‌ಗಳನ್ನು ತಿರುಗಿಸುತ್ತದೆ. ಒಂದರೊಳಗೊಂದು ತೂರಿಕೊಂಡ ಮೂರು ಶಾಫ್ಟ್‌ಗಳು ಮೂರು ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ.

ಟರ್ಬೈನ್ ಅಲಗಿನ ಮುಂದೆ ನನಗೆ ಯಾವಾಗಲೂ ಬೆರಗು. ಮುಂಚೂಣಿಯ ಅಲಗುಗಳಿಗೆ ಬಡಿಯುವ ಅನಿಲ ಆ ನಿಕಲ್ ಮಿಶ್ರಲೋಹವೇ ಕರಗುವಷ್ಟು ಬಿಸಿ. ಹೀಗಾಗಿ ಅಲಗನ್ನು ಒಂದೇ ಹರಳಾಗಿ ಬೆಳೆಸುತ್ತಾರೆ. ಅಚ್ಚಿನ ಬುಡದಲ್ಲಿ ಸುರುಳಿಯಾಕಾರದ ಇಕ್ಕಟ್ಟಾದ ದಾರಿಯಿರುತ್ತದೆ. ಕರಗಿದ ಲೋಹ ನಿಧಾನವಾಗಿ ಗಟ್ಟಿಯಾಗುತ್ತ ಬರುವಾಗ ಅದನ್ನು ದಾಟಿ ಮೇಲೇರುವುದು ಒಂದೇ ಹರಳು. ಹರಳುಗಳ ನಡುವಿನ ಗಡಿಯೇ ಇಲ್ಲವಾದ್ದರಿಂದ ಅಲ್ಲಿ ಬಿರುಕು ಹುಟ್ಟುವ ಪ್ರಶ್ನೆಯಿಲ್ಲ. ಮೇಲೆ ಸೆರಾಮಿಕ್ ಲೇಪನ. ಒಳಗೆ ಸಣ್ಣ ಕಾಲುವೆಗಳಲ್ಲಿ ಹರಿದ ಗಾಳಿ ಸೂಕ್ಷ್ಮ ರಂಧ್ರಗಳಿಂದ ಹೊರಬಂದು ಅಲಗಿಗೆ ತೆಳುವಾದ ಹೊದಿಕೆಯಾಗುತ್ತದೆ.

ಇಷ್ಟೆಲ್ಲ ಸಾಧಿಸಿದ ಎಂಜಿನ್ ಸಿಡಿದದ್ದು ಒಂದು ಎಣ್ಣೆ ಕೊಳವೆಯಿಂದ. ಬೇರಿಂಗ್‌ಗೆ ಎಣ್ಣೆ ಒಯ್ಯುವ ಗಿಡ್ಡ ಕೊಳವೆಯ ಬಾಯಿಯನ್ನು ಕೊರೆಯುವಾಗ ಕೇಂದ್ರ ಸ್ವಲ್ಪ ಸರಿದಿತ್ತು. ಒಂದು ಬದಿಯ ಗೋಡೆ ತೆಳುವಾಯಿತು, ಅಲ್ಲಿ ಬಿರುಕು ಬಿಟ್ಟಿತು, ಎಣ್ಣೆ ಸೋರಿ ಹೊತ್ತಿಕೊಂಡಿತು. ಆ ಬೆಂಕಿಗೆ ಮಧ್ಯದ ಟರ್ಬೈನಿನ ಡಿಸ್ಕ್ ತನ್ನ ಶಾಫ್ಟ್‌ನಿಂದ ಕಳಚಿಕೊಂಡಿತು. ಹಗ್ಗ ಕೈಜಾರಿದಾಗ ಬಾವಿಯ ರಾಟೆ ಗಿರ್ರನೆ ಸುತ್ತುವಂತೆ ಹೊರೆ ತಪ್ಪಿದ ಡಿಸ್ಕ್ ವೇಗ ಹೆಚ್ಚಿಸಿಕೊಂಡು ಒಡೆಯಿತು. ಫ್ಯಾನ್ ಅಲಗೊಂದು ಮುರಿದರೆ ಹೊರಕವಚ ತಡೆಯುತ್ತದೆ. ಡಿಸ್ಕ್ ಒಡೆದರೆ ಯಾವ ಕವಚವೂ ತಡೆಯದು.

ಆಸ್ಟ್ರೇಲಿಯದ ಸಾರಿಗೆ ಸುರಕ್ಷತಾ ಮಂಡಳಿ 2013ರಲ್ಲಿ ಅಂತಿಮ ವರದಿ ಕೊಟ್ಟಿತು. ಆ ಭಾಗವನ್ನು ತಯಾರಿಸಿದ ಇಂಗ್ಲೆಂಡಿನ ಹಕ್‌ನಾಲ್ ಘಟಕದಲ್ಲಿ ಸಣ್ಣ ಅಳತೆ ವ್ಯತ್ಯಾಸಗಳನ್ನು ದಾಖಲಿಸದೆ ಬಿಡುವುದು ನಡೆದುಬಂದಿತ್ತು ಎಂದು ಅದು ಕಂಡುಕೊಂಡಿತು. ವರದಿಯ ಅತ್ಯಂತ ಗಂಭೀರ ಮಾತು ಇದೇ ಎಂದು ನನ್ನ ಅಭಿಪ್ರಾಯ. ಮುಂದೆ ರೋಲ್ಸ್‌ರಾಯ್ಸ್ ಕೊಳವೆಗಳನ್ನು ತಪಾಸಣೆ ಮಾಡಿಸಿತು, ನಿಯಂತ್ರಣದ ತಂತ್ರಾಂಶವನ್ನೂ ತಿದ್ದಿತು. ಆ ಟರ್ಬೈನ್ ಮಿತಿಮೀರಿ ಓಡತೊಡಗುವ ಲಕ್ಷಣ ಕಂಡರೆ ಎಂಜಿನ್ ತಾನಾಗಿಯೇ ಇಂಧನ ನಿಲ್ಲಿಸುವಂತಾಯಿತು. ಆದರೂ ಮೊದಲ ಕಾವಲು ಕೊರೆಯುವವನ ಕೈಯಲ್ಲೇ ಇದೆ.

ಇದು ನಮ್ಮಿಂದ ದೂರದ ವಿಷಯವಲ್ಲ. ಎಚ್‌ಎಎಲ್ ಮತ್ತು ರೋಲ್ಸ್‌ರಾಯ್ಸ್ ಸೇರಿ 2010ರಲ್ಲಿ ಕಟ್ಟಿದ ಕಂಪನಿ ಬೆಂಗಳೂರಿನಲ್ಲಿ ಎಂಜಿನ್ ಭಾಗಗಳನ್ನು ತಯಾರಿಸುತ್ತಿದೆ. ಇಂಥ ಕೆಲಸಕ್ಕೆ ಹೋಗಬಯಸುವ ನಮ್ಮ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳು ಆ ವರದಿಯನ್ನು ಒಮ್ಮೆ ಓದಬೇಕು. ಅಂತರ್ಜಾಲದಲ್ಲಿ ಅದು ಉಚಿತವಾಗಿ ಸಿಗುತ್ತದೆ.