ಕಂಬ ಹತ್ತುವವರ ಮಾತೂ ಕೇಳಬೇಕು



ಕರೆಂಟು ಹೋದಾಗ ನಮಗೆ ಗೊತ್ತಿರುವುದು ಎರಡೇ ಕೆಲಸ. ಒಂದು, ಮೇಣದ ಬತ್ತಿ ಹುಡುಕುವುದು. ಇನ್ನೊಂದು, ವಿದ್ಯುತ್ ಕಚೇರಿಯವರನ್ನು ಬೈಯುವುದು. ಅದೇ ಮಳೆಯಲ್ಲಿ ಕಂಬ ಹತ್ತಿರುವ ಲೈನ್‌ಮನ್‌ಗೂ ಹೇಳಲು ಮಾತಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಯಾವ ಟ್ರಾನ್ಸ್‌ಫಾರ್ಮರಿಗೆ ಹೊರೆ ಹೆಚ್ಚಾಗಿದೆ, ಯಾವ ಕೇಬಲ್ ಹಳತಾಗಿದೆ ಎಂದು ಅವನಿಗೆ ತಿಳಿದಷ್ಟು ಮಂತ್ರಿಗಳಿಗೂ ತಿಳಿದಿರಲಾರದು. ಆ ತಿಳಿವಳಿಕೆ ನೀತಿ ರೂಪಿಸುವವರಿಗೆ ತಲುಪುವ ದಾರಿ ಯಾವುದು? ನಿಮ್ಮಲ್ಲಿ ಹಲವರು ವಿದ್ಯುತ್, ತೈಲ, ಸೌರಶಕ್ತಿ ಕಂಪೆನಿಗಳಲ್ಲಿ ದುಡಿಯುತ್ತಿರುವಿರಿ. ಆದ್ದರಿಂದ ಈ ಪ್ರಶ್ನೆ ನಿಮ್ಮದೂ ಹೌದು.

ನಮ್ಮ ಊರುಗಳದೇ ಉದಾಹರಣೆ ನೋಡೋಣ. 2022ರ ನವೆಂಬರಿನಲ್ಲಿ ಅದಾನಿ ಸಮೂಹದ ಒಂದು ಕಂಪೆನಿಯು ಭಾಂಡುಪ್, ಮುಲುಂಡ್, ಥಾಣೆ, ನವಿ ಮುಂಬಯಿ, ಪನ್ವೇಲ್, ಉರಣ್ ಭಾಗಗಳಲ್ಲಿ ವಿದ್ಯುತ್ ವಿತರಿಸಲು ಪರವಾನಗಿ ಕೋರಿ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಸಲ್ಲಿಸಿತು. ಇದು ಸರಕಾರಿ ಮಹಾವಿತರಣದ ಪ್ರದೇಶ. ಆದರೆ ಒಂದೇ ಪ್ರದೇಶದಲ್ಲಿ ಇನ್ನೊಬ್ಬರು ತಮ್ಮದೇ ತಂತಿ ಜಾಲದಿಂದ ವಿದ್ಯುತ್ ಕೊಡಲು 2003ರ ವಿದ್ಯುತ್ ಕಾಯಿದೆಯಲ್ಲಿ ಅವಕಾಶವಿದೆ.

ನೌಕರರು ಇದನ್ನು ವಿರೋಧಿಸಿದರು. ಅವರ ವಾದ ಮನೆಯ ಲೆಕ್ಕದಂತೆ ಸರಳ. ಕೂಡುಕುಟುಂಬದಲ್ಲಿ ಹೆಚ್ಚು ಗಳಿಸುವ ಅಣ್ಣ ಅಡುಗೆಮನೆಗೆ ಹೆಚ್ಚು ಕೊಡುತ್ತಾನೆ. ಅವನು ಒಲೆ ಬೇರೆ ಮಾಡಿದರೆ ಉಳಿದವರ ಪಾಲಿಗೆ ಭಾರ ಹೆಚ್ಚುತ್ತದೆ. ಕಾರ್ಖಾನೆಗಳು ಕೊಡುವ ಹೆಚ್ಚಿನ ದರದಿಂದಲೇ ರೈತರ, ಬಡವರ ದರ ಕಡಿಮೆ ಇರುವುದು. ಲಾಭದ ಗಿರಾಕಿಗಳು ಆಚೆ ಹೋದರೆ ಮಹಾವಿತರಣಕ್ಕೆ ಉಳಿಯುವುದೇನು ಎಂದು ಅವರು ಕೇಳಿದರು.

2023ರ ಜನವರಿ 4ರಂದು ರಾಜ್ಯದ ಮೂರೂ ಸರಕಾರಿ ವಿದ್ಯುತ್ ಕಂಪೆನಿಗಳ ನೌಕರರು 72 ಗಂಟೆಗಳ ಮುಷ್ಕರ ಹೂಡಿದರು. ಅಂದೇ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡ್ನವೀಸರು ಅವರೊಡನೆ ಮಾತುಕತೆ ನಡೆಸಿ, ಖಾಸಗೀಕರಣದ ಇರಾದೆ ಇಲ್ಲವೆಂದರು. ಮೂರು ವರ್ಷಗಳಲ್ಲಿ ಈ ಕಂಪೆನಿಗಳಲ್ಲಿ 50,000 ಕೋಟಿ ರೂಪಾಯಿ ತೊಡಗಿಸುವುದಾಗಿಯೂ ಹೇಳಿದರು. ಮುಷ್ಕರ ಒಂದೇ ದಿನದಲ್ಲಿ ನಿಂತಿತು.

ಇಲ್ಲೊಂದು ಸೂಕ್ಷ್ಮವಿದೆ. ಮುಷ್ಕರಕ್ಕೆ ಉತ್ತರ ಕೊಟ್ಟವರು ಮಂತ್ರಿಗಳು, ಆದರೆ ಪರವಾನಗಿ ಕೊಡುವುದು ಬಿಡುವುದು ಆಯೋಗದ ಕೆಲಸ. ಆಯೋಗದ ಮುಂದೆ ಘೋಷಣೆ ನಡೆಯದು. ಕಾಗದದಲ್ಲಿ ಬರೆದುಕೊಟ್ಟ ಮಾತು ನಡೆಯುತ್ತದೆ. ಪರವಾನಗಿ ಕೋರಿದವರು ಪ್ರಕಟಣೆ ಹೊರಡಿಸಬೇಕು. ಅಲ್ಲಿಂದ 30 ದಿನಗಳೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಆಯೋಗ ಪರವಾನಗಿ ಕೊಡುವಂತಿಲ್ಲ. ದರ ನಿಗದಿಯ ಮುಂಚೆಯೂ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಲೇಬೇಕು. ಪುಣೆಯ ಪ್ರಯಾಸ್, ಮುಂಬಯಿ ಗ್ರಾಹಕ ಪಂಚಾಯತ್, ನಮ್ಮ ಥಾಣೆ-ಬೇಲಾಪುರ ಉದ್ಯಮಿಗಳ ಸಂಘ ಮುಂತಾದವು ಈ ಕೆಲಸವನ್ನು ವರ್ಷಗಳಿಂದ ಮಾಡುತ್ತ ಬಂದಿವೆ. ಪ್ರಕಟಣೆ ಬಂದಾಗ ಸುಮ್ಮನಿದ್ದು, ಬಿಲ್ಲು ಬಂದಾಗ ಕೂಗಾಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ನಗರಪಾಲಿಕೆಯ ಬಾಗಿಲೂ ಇದೆ. ಊರಿನ ವಿಕಾಸ ಯೋಜನೆಯ ಕರಡಿಗೆ 1966ರ ನಗರ ಯೋಜನಾ ಕಾಯಿದೆಯಂತೆ ಜನರ ಆಕ್ಷೇಪಣೆ ಕರೆಯುತ್ತಾರೆ. ಡೊಂಬಿವಲಿ-ಕಲ್ಯಾಣದಲ್ಲಿ ಮುಗಿಲೆತ್ತರದ ಕಟ್ಟಡಗಳು ಏಳುತ್ತಿರುವಾಗ ಸಬ್‌ಸ್ಟೇಶನ್ನಿಗೆ ಜಾಗ ಎಲ್ಲಿ ಬೇಕೆಂದು ಆ ಕಸುಬಿನವರಲ್ಲದೆ ಇನ್ನಾರು ಹೇಳಬೇಕು?

ಹೇಳುವಾಗ ಮೂರು ಮಾತು ನೆನಪಿರಲಿ. ಕಂಪೆನಿಯ ಗುಟ್ಟಿನ ಕಾಗದ ಹೊರಗೆ ತರಬಾರದು. ಸಾರ್ವಜನಿಕವಾಗಿ ಪ್ರಕಟವಾದ ಅರ್ಜಿ, ಅಂಕಿ-ಅಂಶಗಳೇ ಸಾಕಷ್ಟಿವೆ. ನೌಕರಿಯ ನಿಯಮ ಅಡ್ಡಬಂದರೆ ಯೂನಿಯನ್ನಿನ ಮೂಲಕ ಹೇಳಬೇಕು. ತಾನು ಇಂಥ ಕಡೆ ಕೆಲಸ ಮಾಡುವವನೆಂದು ಮುಚ್ಚಿಡಬಾರದು. ಮುಚ್ಚಿಟ್ಟದ್ದು ಹೊರಬಿದ್ದರೆ ನಿಜವಾದ ಮಾತೂ ಸುಳ್ಳೆನಿಸುತ್ತದೆ.

ಎಲ್ಲಕ್ಕಿಂತ ಮುಖ್ಯ, ಗ್ರಾಹಕರ ನೋವಿಗೂ ಉತ್ತರ ಕೊಡಬೇಕು. ಒಂದೇ ತರಕಾರಿ ಅಂಗಡಿ ಇರುವಲ್ಲಿ ಕೊಳೆತದ್ದನ್ನೂ ಕೊಳ್ಳಬೇಕಾಗುತ್ತದೆ. ಎರಡನೆಯ ಅಂಗಡಿ ಬರಲಿ ಎಂದು ಗೃಹಿಣಿ ಬಯಸಿದರೆ ತಪ್ಪೇನು? ನನ್ನ ನೌಕರಿ ಉಳಿಯಲಿ ಎಂದಷ್ಟೇ ಹೇಳುವವನ ಬೆನ್ನಿಗೆ ಜನ ನಿಲ್ಲುವುದಿಲ್ಲ. ನಿಮ್ಮ ಮನೆಗೆ ಸರಿಯಾದ ಕರೆಂಟು ಸಿಗಲು ಇಂತಿಂಥದ್ದು ಆಗಬೇಕು ಎಂದು ತಿಳಿಸಿ ಹೇಳುವವನ ಬೆನ್ನಿಗೆ ನಿಂತಾರು.

ನೀವು ಇಲ್ಲೇ ಹುಟ್ಟಿ ಬೆಳೆದವರು. ಮರಾಠಿ ನಿಮ್ಮ ನಾಲಗೆಯ ಮೇಲಿದೆ, ಇಂಗ್ಲಿಷ್ ಕಾಗದಪತ್ರ ನಿಮಗೆ ಹೆದರಿಕೆಯಲ್ಲ. ಆಯೋಗದ ಪ್ರಕಟಣೆ ಬಂದಾಗ ಸೊಸೈಟಿಯ ನಾಲ್ಕು ಮಂದಿಗೆ ಅರ್ಥ ಮಾಡಿಸಿ, ಕನ್ನಡ ಸಂಘದ ಹಿರಿಯರಿಗೆ ಕನ್ನಡದಲ್ಲೇ ವಿವರಿಸಿ, ಒಂದು ಪುಟದ ಸಲಹೆ ಬರೆದು ಕಳುಹಿಸಿ. ಈ ಊರು ನಮಗೆ ಅನ್ನ ಕೊಟ್ಟಿದೆ. ಅದರ ದೀಪ ಆರದಂತೆ ನೋಡಿಕೊಳ್ಳುವ ಮಾತಿನಲ್ಲಿ ನಮ್ಮದೂ ಒಂದು ಸೇರಲಿ.