ಪದ್ಮನಾಭನ ಬಾಗಿಲಲ್ಲಿ ಉಡುಗೆಯ ಮಾತು

ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದವರು ಮರುದಿನ ಬೆಳಗ್ಗೆ ತಿರುವನಂತಪುರದಲ್ಲಿ ಇಳಿಯುತ್ತಾರೆ. ಶಾಲಾ ಕಲೋತ್ಸವಕ್ಕೆ ಮಕ್ಕಳನ್ನು ಕರೆತಂದವರು, ಕಚೇರಿಯ ಕಡತದ ಬೆನ್ನು ಹತ್ತಿ ಬಂದವರು, ಬೇಸಗೆ ರಜೆಯ ಕುಟುಂಬಗಳು ಎಲ್ಲರಿಗೂ ರಾಜಧಾನಿಯಲ್ಲಿ ಮೊದಲು ನೆನಪಾಗುವುದು ಶ್ರೀ ಪದ್ಮನಾಭಸ್ವಾಮಿ ದೇವಸ್ಥಾನ. ಕುಂಬಳೆಯ ಸಮೀಪದ ಅನಂತಪುರವೇ ಆ ದೇವರ ಮೂಲಸ್ಥಾನವೆಂಬ ನಂಬಿಕೆ ಇರುವುದರಿಂದ ಈ ಕಡೆಯವರಿಗೆ ಅದು ದೂರದ ಕ್ಷೇತ್ರವೆನಿಸುವುದೂ ಇಲ್ಲ. ಆದರೆ ಅನಂತಪುರದ ಕೆರೆಯ ಗುಡಿಗೆ ಚೂಡಿದಾರ ತೊಟ್ಟೇ ಹೋಗಿಬರುವ ಹುಡುಗಿಯನ್ನು ಅಲ್ಲಿನ ಬಾಗಿಲಲ್ಲಿ ತಡೆಯುತ್ತಾರೆ. ಅಪ್ಪನ ಪ್ಯಾಂಟಿಗೂ ಅಣ್ಣನ ಜೀನ್ಸಿಗೂ ಅದೇ ಗತಿ. ಸಾಲಿನಲ್ಲಿ ನಿಂತ ನೂರಾರು ಜನರ ಎದುರು ಮಗುವಿನ ಮುಖ ಸಪ್ಪಗಾಗುತ್ತದೆ. ತಪ್ಪು ಮಗುವಿನದಲ್ಲ, ಹೊರಡುವ ಮುನ್ನ ಹೇಳದ ಹಿರಿಯರದು.

ನಿಯಮ ಸರಳವಾಗಿದೆ. ಗಂಡಸರಿಗೆ ಮುಂಡು ಅಥವಾ ಪಂಚೆ. ಮೇಲೆ ಅಂಗಿಯಿಲ್ಲ, ಬೇಕಿದ್ದರೆ ಹೆಗಲಿಗೊಂದು ಶಾಲು. ಹೆಂಗಸರಿಗೆ ಸೀರೆ, ಮುಂಡು-ನೇರಿಯದು, ಉದ್ದಲಂಗ-ರವಿಕೆ ಅಥವಾ ಲಂಗದಾವಣಿ. ಹನ್ನೆರಡು ವರ್ಷದೊಳಗಿನ ಹುಡುಗಿಯರಿಗೆ ಗೌನು ಆಗಬಹುದು. ಚೂಡಿದಾರದಲ್ಲೇ ಬಂದವರು ಅದರ ಮೇಲೆ ಸೊಂಟಕ್ಕೊಂದು ಮುಂಡು ಸುತ್ತಿ ಒಳಹೋಗುವುದು ಅಲ್ಲಿನ ನಿತ್ಯದ ನೋಟ. ಮುಂಡು ಬಾಡಿಗೆಗೂ ಕ್ರಯಕ್ಕೂ ಹೊರಗೇ ಸಿಗುತ್ತದೆ. ಆದರೂ ಪ್ಯಾಂಟಿನ ಮೇಲೆ ಅವಸರದಲ್ಲಿ ಸುತ್ತಿದ ಬಾಡಿಗೆ ಮುಂಡು ನೋಡಲು ಚಂದವಲ್ಲ, ನಡೆಯಲೂ ಸುಖವಲ್ಲ.

ಚಂದವಾಗಿಯೇ ಉಡಬೇಕೆನ್ನುವವರು ಬೇರೆ ಊರಿನ ಅಂಗಡಿ ಹುಡುಕಬೇಕಾಗಿಲ್ಲ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಾಸರಗೋಡು ಸೀರೆ ಮನೆಯ ಅಂಗಳದ್ದೇ. ಹತ್ತಿಯ ಕೈಮಗ್ಗದ ಈ ಸೀರೆ ಸೆಕೆಗೂ ಸಾಲಿಗೂ ಒಗ್ಗುತ್ತದೆ. ಬಣ್ಣ ಬೇಗ ಮಾಸುವುದಿಲ್ಲ. ತಿರುವನಂತಪುರಕ್ಕೆ ಹತ್ತಿರದ ಬಾಲರಾಮಪುರದ ನೇಕಾರರು ನೆಯ್ಯುವ ಕಸವಿನ ಮುಂಡು-ನೇರಿಯದು ಇನ್ನೊಂದು ಬಗೆ: ಬಿಳಿಯೊಡಲು, ಅಂಚಿಗೆ ಬಂಗಾರದ ಗೆರೆ, ಅಷ್ಟೇ. ಅದರ ಬೆಡಗು ಇರುವುದು ಹದವಾದ ಗಂಜಿಯಲ್ಲಿ ಮತ್ತು ನೆಟ್ಟಗೆ ಹಿಡಿದ ನೆರಿಗೆಯಲ್ಲಿ. ಹುಡುಗರಿಗೆ ಮುಂಡು ಉಡುವ ಅಭ್ಯಾಸವನ್ನು ಮನೆಯಲ್ಲೇ ಒಂದೆರಡು ದಿನ ಮಾಡಿಸಿದರೆ ಒಳ್ಳೆಯದು. ಗೋಪುರದ ಕೆಳಗೆ ಬಿಚ್ಚಿಹೋಗುವ ಮುಂಡು ಹದಿಮೂರರ ಹುಡುಗನಿಗೆ ಜೀವಮಾನದ ನೆನಪಾಗಬಹುದು. ಮೊಣಕಾಲಿನವರೆಗೆ ಮಡಚಿ ಕಟ್ಟಿದ ಮುಂಡನ್ನು ಹಿರಿಯರೆದುರು ಇಳಿಬಿಡುವುದು ಕೇರಳದ ಮರ್ಯಾದೆ ಎಂಬುದನ್ನೂ ಆಗಲೇ ಹೇಳಿಕೊಡಬಹುದು.

ಅಂಗಿ ಕಳಚುವುದು ಕಾಸರಗೋಡಿನವರಿಗೆ ಹೊಸತಲ್ಲ. ಆದರೆ ಏಕೆ ಕಳಚಬೇಕು ಎಂದು ಮಗು ಕೇಳಿದರೆ, "ಹಿಂದಿನಿಂದ ಹಾಗೆಯೇ ಬಂದದ್ದು" ಎಂಬ ಉತ್ತರ ಸಾಲದು. ಎದೆ ತೆರೆದಿರುವುದು ತಿರುವಾಂಕೂರಿನಲ್ಲಿ ಬರೇ ಭಕ್ತಿಯ ಸಂಗತಿಯಾಗಿರಲಿಲ್ಲ. ಕೆಳಗಿನವರೆನಿಸಿಕೊಂಡ ಜಾತಿಗಳವರು ಮೇಲಿನವರೆದುರು ಮೈ ಮುಚ್ಚಿ ನಿಲ್ಲಬಾರದು ಎಂಬ ಕಟ್ಟಳೆ ಅಲ್ಲಿತ್ತು. ದಕ್ಷಿಣ ತಿರುವಾಂಕೂರಿನ ನಾಡಾರ್ ಸ್ತ್ರೀಯರು ರವಿಕೆಗಾಗಿ ದಶಕಗಳ ಕಾಲ ಪೆಟ್ಟು ತಿಂದು ಹೋರಾಡಿದರು. 1859ರ ಜುಲೈ 26ರಂದು ಉತ್ರಂ ತಿರುನಾಳ್ ಮಹಾರಾಜರ ಘೋಷಣೆ ಆ ಹಕ್ಕನ್ನು ಒಪ್ಪಿತು. ಹಾಗಿದ್ದೂ ಮೇಲ್ಜಾತಿಯ ಸ್ತ್ರೀಯರ ರೀತಿಯಲ್ಲಿ ಉಡಬಾರದೆಂಬ ಷರತ್ತು ಉಳಿಯಿತು. ದೇವಾಲಯದ ಬಾಗಿಲು ಎಲ್ಲ ಹಿಂದೂಗಳಿಗೆ ತೆರೆದದ್ದು 1936ರ ನವೆಂಬರ್ 12ರ ಪ್ರವೇಶ ಘೋಷಣೆಯಿಂದ. ಅಂದಿನವರೆಗೆ ಉಡುಗೆ ಎಷ್ಟೇ ಶುಭ್ರವಾಗಿದ್ದರೂ ಲಕ್ಷಾಂತರ ಜನರಿಗೆ ಆ ಬಾಗಿಲು ಮುಚ್ಚಿತ್ತು.

ಚರ್ಚೆ ಇಂದಿಗೂ ಮುಗಿದಿಲ್ಲ. ಗುರುವಾಯೂರಿನಲ್ಲಿ 2007ರಲ್ಲೇ ಚೂಡಿದಾರಕ್ಕೆ ಅನುಮತಿ ದೊರೆಯಿತು. ಪದ್ಮನಾಭಸ್ವಾಮಿ ದೇವಸ್ಥಾನದಲ್ಲಿ 2016ರ ನವೆಂಬರ್ ಕೊನೆಯಲ್ಲಿ ಕಾರ್ಯನಿರ್ವಾಹಕ ಅಧಿಕಾರಿ ಅಂತಹುದೇ ಆದೇಶ ಹೊರಡಿಸಿದಾಗ ಪ್ರತಿಭಟನೆ ನಡೆಯಿತು. ಡಿಸೆಂಬರಿನಲ್ಲಿ ಕೇರಳ ಹೈಕೋರ್ಟು ಆ ಬದಲಾವಣೆ ಅಧಿಕಾರಿಯ ಕೈಯಲ್ಲಿಲ್ಲವೆಂದು ಹೇಳಿತು. ಗಂಡಸರು ಅಂಗಿ ಕಳಚುವ ಪದ್ಧತಿಯೇ ಹೋಗಬೇಕೆಂದು ಶಿವಗಿರಿ ಮಠದ ಸಚ್ಚಿದಾನಂದ ಸ್ವಾಮಿಗಳು 2024ರ ಡಿಸೆಂಬರ್ 31ರಂದು ಕರೆಕೊಟ್ಟರು. ಮೈಮೇಲೆ ಜನಿವಾರವಿದೆಯೇ ಎಂದು ನೋಡುವುದಕ್ಕಾಗಿ ಹುಟ್ಟಿದ ಪದ್ಧತಿಯಿದು ಎಂಬುದು ಅವರ ವಾದ. ಅದೇ ವೇದಿಕೆಯಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅದಕ್ಕೆ ದನಿಗೂಡಿಸಿದರು. ಆಚಾರಗಳಲ್ಲಿ ಸರಕಾರ ಕೈಹಾಕಬಾರದೆಂದು ನಾಯರ್ ಸರ್ವಿಸ್ ಸೊಸೈಟಿ ವಿರೋಧಿಸಿತು.

ಇಷ್ಟೆಲ್ಲ ತಿಳಿದ ಮೇಲೂ ದರ್ಶನಕ್ಕೆ ಹೋದವರು ಬಾಗಿಲಲ್ಲಿ ಕಾವಲುಗಾರನೊಡನೆ ವಾದಿಸುವುದು ತರವಲ್ಲ. ಕಟ್ಟಳೆ ಬರೆದವನು ಅವನಲ್ಲ. ಮುಂಡು ಉಟ್ಟು ಒಳಹೋಗಬಹುದು, ಒಪ್ಪದಿದ್ದರೆ ಗೋಪುರಕ್ಕೆ ಕೈಮುಗಿದು ಹಿಂತಿರುಗಬಹುದು. ಎರಡರಲ್ಲೂ ಅಗೌರವವಿಲ್ಲ.

ಶಾಲಾ ಪ್ರವಾಸದ ಹೊಣೆ ಹೊತ್ತ ಅಧ್ಯಾಪಕರಿಗೆ ಮಾತ್ರ ಇನ್ನೊಂದು ಯೋಚನೆ ಬೇಕು. ಕನ್ನಡ ಶಾಲೆಯ ತರಗತಿಯಲ್ಲಿ ಫಾತಿಮಾಳೂ ಇರುತ್ತಾಳೆ, ಕ್ರಾಸ್ತಾ ಮನೆತನದ ಹುಡುಗನೂ ಇರುತ್ತಾನೆ. ದೇವಸ್ಥಾನದ ಒಳಗೆ ಹಿಂದೂಗಳಿಗಷ್ಟೇ ಪ್ರವೇಶ. ಉಡುಗೆ ಬದಲಿಸಿದರೆ ತೆರೆಯುವ ಬಾಗಿಲು ಅದಲ್ಲ. ಗೆಳೆಯರೆಲ್ಲ ಒಳಗೆ ಹೋದಾಗ ಚಪ್ಪಲಿ ಕಾಯಲು ಅವರನ್ನು ಹೊರಗೆ ಕೂರಿಸುವುದು ಸಲ್ಲದು. ಪಕ್ಕದಲ್ಲೇ ಸ್ವಾತಿ ತಿರುನಾಳ್ ಮಹಾರಾಜರು ಕಟ್ಟಿಸಿದ ಕುದಿರಮಾಳಿಗೆ ಅರಮನೆಯಿದೆ. ಅದರ ಮಾಡಿನಡಿಯಲ್ಲಿ ಮರದಲ್ಲಿ ಕೆತ್ತಿದ 122 ಕುದುರೆಗಳನ್ನು ಎಣಿಸುತ್ತ ಇಡೀ ತರಗತಿ ಒಟ್ಟಿಗೆ ನಡೆಯಬಹುದು, ಶಾಲೆಯ ಸಮವಸ್ತ್ರದಲ್ಲೇ.