‘ಲಗ್ನಾದ್ರ ಹೊಟ್ಟೆನೋವು ಹೋಗ್ತೈತಿ’ ಹೋಗದಿದ್ದರೆ?

ಗಜೇಂದ್ರಗಡದಿಂದ ರೋಣದ ಕಡೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ, ಸೀಟು ಸಿಕ್ಕರೂ ಕೂಡಲಾರದೆ ಹೊಟ್ಟೆ ಹಿಡಿದು ಕಂಬಿಗೆ ಒರಗುವ ಹೆಣ್ಣುಮಗಳನ್ನು ಪ್ರಯಾಣಿಕರು ಎಂದಾದರೂ ಕಂಡಿರುತ್ತಾರೆ. ಯಾರೂ ಕೇಳುವುದಿಲ್ಲ. ಕೇಳಿದರೂ ಆಕೆ ಹೇಳುವುದಿಲ್ಲ. ಮುಟ್ಟಿನ ಮಾತು ನಾಲ್ಕು ಮಂದಿಯ ನಡುವೆ ಆಡುವಂಥದ್ದೇ?

ಮನೆಯಲ್ಲಿ ಹಿರಿಯರ ಔಷಧ ಒಂದೇ: “ಲಗ್ನಾ ಮಾಡಿಬಿಡ್ರಿ, ಒಂದು ಕೂಸು ಆದ್ರ ಎಲ್ಲಾ ನೆಟ್ಟಗಾಗ್ತೈತಿ.” ರೋಣದಲ್ಲೂ ಇದೇ ಮಾತು, ನರಗುಂದದಲ್ಲೂ ಇದೇ. ಅಜವಾನದ ಕಷಾಯ, ಮೆಡಿಕಲ್ ಶಾಪಿನ ಎರಡು ಗುಳಿಗೆ, ಮೇಲೊಂದು ತಾಳಿ!

ತಿಂಗಳು ತಿಂಗಳೂ ಎದ್ದು ನಿಲ್ಲಗೊಡದ ಇಂಥ ನೋವಿನ ಹಿಂದೆ ಎಂಡೋಮೆಟ್ರಿಯೋಸಿಸ್ ಎಂಬ ಬಾಯಿ ಹೊರಳದ ಹೆಸರಿನ ರೋಗವಿರಬಹುದು. ಎಲ್ಲ ಮುಟ್ಟಿನ ನೋವೂ ಇದೇ ಅಲ್ಲ. ಗರ್ಭಚೀಲದ ಒಳಪೊರೆಯಂಥದೇ ಪದರ ಚೀಲದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಬದಿಗೋ ಬೆಳೆಯುತ್ತದೆ. ಅಲ್ಲಿ ಉರಿಯೂತ, ಒಂದಕ್ಕೊಂದು ಅಂಟು. ಕೆಲವರಿಗೆ ಹಳೇ ರಕ್ತ ತುಂಬಿದ ಗಡ್ಡೆ. ಮಕ್ಕಳಾಗುವ ವಯಸ್ಸಿನ ಹತ್ತು ಹೆಣ್ಣುಮಕ್ಕಳಲ್ಲಿ ಸುಮಾರು ಒಬ್ಬರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಬಸಿರು ಇದಕ್ಕೆ ಮದ್ದಲ್ಲ. ನೋವು ಕಳೆಯಲೆಂದು ಬಸಿರಾಗಲು ಹೇಳಬೇಡಿ ಎಂದು ಯುರೋಪಿನ ತಜ್ಞರ ಸಂಘ 2022ರಲ್ಲಿ ವೈದ್ಯರಿಗೇ ತಿಳಿಸಿದೆ. ಮುಟ್ಟು ನಿಂತ ಆ ತಿಂಗಳುಗಳಲ್ಲಿ ಕೆಲವರಿಗೆ ಹಗುರ ಎನಿಸಬಹುದು. ಹಡೆದ ಮೇಲೆ ಮತ್ತೆ ಶುರುವಾಗಬಹುದು.

ನಿಜವಾದ ಪೇಚು ಮುಂದೆ ಇದೆ. ನೋವು ತಡೆಯುವ ಹಾರ್ಮೋನ್ ಗುಳಿಗೆ ನುಂಗುವಷ್ಟು ದಿನ ಸಾಮಾನ್ಯವಾಗಿ ಬಸಿರು ನಿಲ್ಲುವುದಿಲ್ಲ. ಕೂಸು ಬೇಕೆಂದರೆ ಗುಳಿಗೆ ಬಿಡಬೇಕು, ಬಿಟ್ಟರೆ ನೋವು. ಅತ್ತೆಯ ಕಣ್ಣಿಗೆ ಆ ಗುಳಿಗೆ ಬಿದ್ದರಂತೂ ಮನೆಯಲ್ಲಿ ಬೇರೆಯೇ ರಾಮಾಯಣ. ಗಡ್ಡೆ ತೆಗೆಸೋಣವೆಂದರೆ, ಅಂಡಾಶಯಕ್ಕೆ ಕತ್ತರಿ ಹಾಕುವಾಗ ಇದ್ದ ತತ್ತಿಗಳೂ ಕಡಿಮೆಯಾಗುವ ಅಂಜಿಕೆ. ಅಂಗಡಿಕಾರರಿಗೆ ತಿಳಿಯುವ ಹಾಗೆ ಹೇಳಬೇಕೆಂದರೆ, ಹೊಸ ಮಾಲು ಬಾರದ ದಾಸ್ತಾನು ಅದು. ವಯಸ್ಸು ಏರಿದಂತೆ ತಾನೇ ಇಳಿಯುತ್ತದೆ. ಆದ್ದರಿಂದ ಯಾವಾಗ ಗುಳಿಗೆ, ಯಾವಾಗ ಕತ್ತರಿ, ಯಾವಾಗ ಕೂಸು ಎಂಬುದನ್ನು ಗಂಡ ಹೆಂಡತಿ ವೈದ್ಯರ ಎದುರು ಕೂತು ಗೊತ್ತು ಮಾಡಬೇಕೇ ಹೊರತು ಓಣಿಯ ಮಂದಿಯಲ್ಲ.

ಹಾಗೆಂದು ಈ ರೋಗದವಳನ್ನು ಬಂಜೆ ಎನ್ನುವುದು ಶುದ್ಧ ಸುಳ್ಳು. ಅನೇಕರಿಗೆ ತಾನಾಗಿಯೇ ಬಸಿರು ನಿಲ್ಲುತ್ತದೆ. ಆದರೆ 35 ದಾಟಿದವರು ಹರಕೆ ಹೊತ್ತು ವರ್ಷಗಟ್ಟಲೆ ಕಾಯಬಾರದು, ಆರು ತಿಂಗಳೇ ಹೆಚ್ಚು. ಗಂಡನ ವೀರ್ಯ ತಪಾಸಣೆಯೂ ಆಗಬೇಕು. (ಗಂಡಸರು ಈ ಸಾಲು ಹಾರಿಸದಿರಲಿ.)

ಗದಗಿನ ಜಿಮ್ಸ್‌ಗೋ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೋ ಹೋಗಲು ಹೆಂಗಸರಿಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನ ಖರ್ಚಿಲ್ಲ. ಖರ್ಚಾಗುವುದು ಒಂದು ದಿನ. ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಒಂದು ದಿನ ನಿಂತರೆ ಪಟ್ಟೇದಂಚಿನ ಸೀರೆಯೂ ನಿಂತಿತು, ಮಜೂರಿಯೂ ನಿಂತಿತು. ಅದಕ್ಕೇ ಹೋದ ದಿನ ವ್ಯರ್ಥವಾಗದಂತೆ, ಮೂರು ತಿಂಗಳ ನೋವಿನ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅದನ್ನೇ ಸುತ್ತಿಕೊಂಡು ಒಯ್ಯಬೇಕು. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ರೋಗ ಇರಬಹುದು. ಆಗ ವೈದ್ಯರಿಗೆ ಆ ಕ್ಯಾಲೆಂಡರನ್ನೇ ತೋರಿಸಬೇಕು.